ಬಿಲ್ಲು ಆಮೇಲೆ, ಮೊದ್ಲು ಬಾಣ

ಹೋದ ಭಾನುವಾರ ನಾನು ಬಿಲ್ಲುಗಾರಿಕೆ ಕಲಿಸೋ ಗ್ರೌಂಡಿಗೆ ಒಬ್ರು ಬಂದಿದ್ರು, ವಿಜಯಪುರ ಕಡೆಯೋರು, ಪುಣೆ ಹತ್ರ ಭೋಸರಿಯಲ್ಲಿ ಫ್ಯಾಕ್ಟ್ರಿ ಕೆಲಸ, ಜೊತೆಗೆ 11 ವರ್ಷದ ಮಗಳು. ನಾನು ಕನ್ನಡದವನು ಅಂತ ಗೊತ್ತಾಗಿದ್ದೇ ತಡ, "ಸರ್, 15 ಸಾವಿರ ಕೂಡಿಸಿ ಇಟ್ಟೀನ್ರಿ, ಆಕಿಗೆ ಯಾವ ಬಿಲ್ಲು ಕೊಡಸ್ಲಿ ಹೇಳ್ರಿ" ಅಂದ್ರು. ಎಷ್ಟು ಓವರ್‌ಟೈಮ್ ಮಾಡಿದ್ರೆ ಆ ದುಡ್ಡು ಕೂಡುತ್ತೆ ಅಂತ ನಂಗೊತ್ತು. ಅದಕ್ಕೇ ಹೇಳ್ದೆ, ಮೂರು ತಿಂಗಳು ಬಿಲ್ಲಿಗೆ ಅಂತ ಅದನ್ನ ಮುಟ್ಟಬೇಡಿ, ಮಗು ನಮ್ಮ ಕ್ಲಬ್ಬಿನ ಬಿಲ್ಲಲ್ಲೇ ಕಲೀಲಿ. ಅವರ ಮುಖ ಸ್ವಲ್ಪ ಸಪ್ಪಗಾಯ್ತು.

ಪುಣೆಯಲ್ಲಿ ಇಷ್ಟು ವರ್ಷ ಕಲಿಸ್ತಾ ಬಂದು ನಾನು ನೋಡಿರೋದು ಇದೇ. ಮೊದಲ ತಿಂಗಳಿಗೆ ಸರಿಹೋಗೋ ಬಿಲ್ಲು ಆರನೇ ತಿಂಗಳಿಗೆ ಸಾಲಲ್ಲ, ಆರನೇ ತಿಂಗಳಿಗೆ ಬೇಕಾಗೋ ಬಿಲ್ಲನ್ನ ಮೊದಲನೇ ದಿನಾನೇ ಕೈಗೆ ಕೊಟ್ರೆ ಭುಜ ಹೋಗುತ್ತೆ. ನನ್ನದೇ ಹೋಗಿತ್ತು. ನಾನು ಶುರು ಮಾಡಿದಾಗ ಹೇಳೋರು ಯಾರೂ ಇರ್ಲಿಲ್ಲ, ಅಗ್ಗಕ್ಕೆ ಸಿಕ್ತು ಅಂತ ಸೆಕೆಂಡ್ ಹ್ಯಾಂಡ್ 38 ಪೌಂಡಿನ ರಿಕರ್ವ್ (ತುದಿ ಮುಂದಕ್ಕೆ ಬಾಗಿರೋ ಬಿಲ್ಲು; ಪೌಂಡ್ ಅಂದ್ರೆ ಅದನ್ನ ಎಳೆಯೋಕೆ ಬೇಕಾಗೋ ಬಲ) ತಗೊಂಡೆ, ಮಾರಿದೋರು "ಎಳೀತಾ ಎಳೀತಾ ಅಭ್ಯಾಸ ಆಗುತ್ತೆ" ಅಂದ್ರು, ಐದನೇ ವಾರಕ್ಕೆ ಬಲಗೈ ಎತ್ತಿ ತಲೆ ಬಾಚ್ಕೊಳ್ಳೋಕೂ ಆಗ್ತಿರ್ಲಿಲ್ಲ. ಬಿಲ್ಲಲ್ಲಿ ಉಳಿಸಿದ್ದಕ್ಕಿಂತ ಫಿಸಿಯೋಗೆ ಕೊಟ್ಟಿದ್ದೇ ಜಾಸ್ತಿ.

ಲೆಕ್ಕ ಹಾಕಿ ನೋಡಿ. ಒಂದು ಪ್ರಾಕ್ಟೀಸಲ್ಲಿ 60 ಬಾಣ ಬಿಟ್ರೆ 38 ಪೌಂಡಿನ ಬಿಲ್ಲಲ್ಲಿ ಎಳೆದಿದ್ದು ಒಟ್ಟು 2280 ಪೌಂಡ್, ಅಂದ್ರೆ ಒಂದು ಟನ್ನಿಗಿಂತ ಜಾಸ್ತಿ. ಅದೇ 20 ಪೌಂಡಾದ್ರೆ 545 ಕಿಲೋದಷ್ಟು. ಭಾರ ಜಾಸ್ತಿ ಆದಾಗ ಬೆನ್ನಿನ ಸ್ನಾಯು ಎಳೆಯೋ ಬದಲು ತೋಳು ಎಳೆಯುತ್ತೆ, ಭುಜ ಕಿವಿ ಹತ್ರ ಏರುತ್ತೆ, ಆ ತಪ್ಪು ಒಂದ್ಸಲ ಮೈಗೆ ಹತ್ತಿದ್ರೆ ಬಿಡಿಸೋಕೆ ವರ್ಷ ಹಿಡಿಯುತ್ತೆ. ದೊಡ್ಡೋರಿಗೆ 18ರಿಂದ 24 ಪೌಂಡ್, ಮಕ್ಕಳಿಗೆ 12ರಿಂದ 16, ಸಣ್ಣ ಮೈಕಟ್ಟಾದ್ರೆ ಇನ್ನೂ ಕಮ್ಮಿ. ಪೂರ್ತಿ ಎಳೆದು ಗದ್ದದ ಕೆಳಗೆ ಕೈ ಇಟ್ಟು 10 ಸೆಕೆಂಡ್ ನಡುಗದೆ ನಿಲ್ಲೋಕೆ ಆಗ್ಬೇಕು, ಆಗಲ್ಲ ಅಂದ್ರೆ ಆ ಬಿಲ್ಲು ಎಷ್ಟೇ ಅಗ್ಗಕ್ಕೆ ಬಂದ್ರೂ ಬೇಡ.

ಇನ್ನು ಬಾಣ. ಬಿಲ್ಲು ಸಾಲ ಸಿಗುತ್ತೆ, ಬಾಣ ಮಾತ್ರ ನಿಮ್ಮದೇ ಅಳತೆದು ಇರ್ಬೇಕು, ಕೈಯಲ್ಲಿ ಸ್ವಲ್ಪಾನೇ ದುಡ್ಡಿದ್ರೆ ಇಲ್ಲಿ ಹಾಕಿ. ಎರಡೂ ಕೈ ಅಗಲ ಚಾಚಿ ಈ ಬೆರಳತುದಿಯಿಂದ ಆ ಬೆರಳತುದಿವರೆಗೆ ಇಂಚಲ್ಲಿ ಅಳೆದು 2.5ರಿಂದ ಭಾಗಿಸಿ, ಹೆಚ್ಚುಕಮ್ಮಿ ನಿಮ್ಮ ಎಳೆತದ ಉದ್ದ, ಅಂದ್ರೆ ಹೆದೆನ ಎಷ್ಟು ಹಿಂದಕ್ಕೆ ಎಳೀತೀರಿ ಅನ್ನೋದು ಬರುತ್ತೆ. 65 ಇಂಚಿಗೆ 26. ಬಾಣ ಅದಕ್ಕಿಂತ ಒಂದೆರಡು ಇಂಚು ಉದ್ದ ಇರ್ಬೇಕು, ಬೆಳೆಯೋ ಮಕ್ಕಳಿಗೆ ಇನ್ನೊಂದು ಇಂಚು ಸೇರಿಸಿ. ಗಿಡ್ಡ ಬಾಣ ಅಂದ್ರೆ ನಂಗೆ ಭಯ, ಜಾಸ್ತಿ ಎಳೆದಾಗ ಬಿಲ್ಲಲ್ಲಿ ಬಾಣ ಕೂರೋ ರೆಸ್ಟಿಂದ ಒಳಗೆ ಜಾರಿ ಬಿಲ್ಲು ಹಿಡಿದ ಕೈಗೇ ಹೊಕ್ಕಬಹುದು. ಹಾಂ, ಬಿಲ್ಲಿನ ಮೇಲೆ ಬರೆದಿರೋ ಪೌಂಡು 28 ಇಂಚು ಎಳೆದಾಗಿನದ್ದು, 20 ಪೌಂಡ್ ಬಿಲ್ಲನ್ನ 26 ಇಂಚು ಎಳೆಯೋರ ಕೈಗೆ ಬರೋದು 17ರ ಆಸುಪಾಸು.

ಬಾಣದ ಮೇಲೆ 600, 1000 ಅಂತ ಇರೋದು ಸ್ಪೈನ್, ಬಾಣ ಎಷ್ಟು ಬಗ್ಗುತ್ತೆ ಅನ್ನೋ ಅಳತೆ, ನಂಬರ್ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಹೆದೆ ಬಿಟ್ಟ ತಕ್ಷಣ ಬಾಣ ನೆಟ್ಟಗೆ ಹೋಗಲ್ಲ, ಕೆರೆಯಲ್ಲಿ ಮೀನು ಬಳುಕಿದ ಹಾಗೆ ಬಳುಕಿಕೊಂಡು ಬಿಲ್ಲನ್ನ ದಾಟುತ್ತೆ. ಹಗುರ ಬಿಲ್ಲಿಗೆ ಗಟ್ಟಿ ಬಾಣ ಕೊಟ್ರೆ ಅದು ಬಳುಕಲ್ಲ, ಬಲಗೈಯೋರದ್ದು ಎಡಕ್ಕೆ ಹೋಗುತ್ತೆ, ಮಗು ಪಾಪ ತನ್ನದೇ ತಪ್ಪು ಅಂದ್ಕೊಂಡು ಸರಿ ಇದ್ದ ನಿಲುವನ್ನೂ ಕೆಡಿಸ್ಕೊಳ್ಳುತ್ತೆ. ಆರು ಬಾಣ ಸಾಕು, ಆರೂ ಒಂದೇ ಥರ ಇರ್ಲಿ. ಕಾರ್ಬನ್ ಆದ್ರೆ ಪ್ರತಿ ಸಲ ಬಿಡೋ ಮುಂಚೆ ಬಗ್ಗಿಸಿ ನೋಡಿ, ಸೀಳು ಕಂಡ್ರೆ ಎಸೀರಿ, ರಿಪೇರಿ ಅಂತ ಯೋಚ್ನೆ ಮಾಡ್ಬೇಡಿ.

ಬಿಲ್ಲು ತಗೊಳ್ಳೋ ಕಾಲ ಬಂದಾಗ ಬಿಚ್ಚಿ ಜೋಡಿಸೋ ರಿಕರ್ವ್ ತಗೊಳ್ಳಿ. ಹಿಡಿ ಇರೋ ನಡುಭಾಗ ರೈಸರ್ ಹಾಗೇ ಇರುತ್ತೆ, ಶಕ್ತಿ ಬಂದ ಹಾಗೆ ಮೇಲೆ ಕೆಳಗಿನ ಬಾಗೋ ಭಾಗ, ಲಿಂಬ್, ಅದನ್ನ ಮಾತ್ರ ಬದಲಾಯಿಸ್ಬಹುದು. ಹಳೇದಾದ್ರೆ ಹೆದೆ ಏರಿಸಿ ಹಿಂದಿಂದ ನೋಡಿ, ಹೆದೆ ಎರಡೂ ಲಿಂಬಿನ ನಡುಮಧ್ಯೆ ಹೋಗ್ಬೇಕು, ಪಕ್ಕಕ್ಕೆ ಓಡಿದ್ರೆ ತಿರುಚಿದೆ ಅಂತ. ಬಾಣ ಇಲ್ದೆ ಹೆದೆ ಎಳೆದು ಬಿಡೋದು ಯಾವತ್ತೂ ಬೇಡ, ಅಷ್ಟೂ ಶಕ್ತಿ ಬಿಲ್ಲಿಗೇ ವಾಪಸ್ ಬಡಿದು ಲಿಂಬ್ ಸೀಳುತ್ತೆ.

2023ರಲ್ಲಿ ಸಾತಾರಾದ ಅದಿತಿ ಸ್ವಾಮಿ ಮತ್ತೆ ನಾಗಪುರದ ಓಜಸ್ ದೇವತಳೆ ಬರ್ಲಿನ್‌ನಲ್ಲಿ ವರ್ಲ್ಡ್ ಚಾಂಪಿಯನ್ ಆದ್ಮೇಲೆ ಬರೋ ಮಕ್ಕಳೆಲ್ಲ ಅವರ ಥರದ ಕಾಂಪೌಂಡ್, ಅಂದ್ರೆ ತುದಿಯಲ್ಲಿ ರಾಟೆ ಇರೋ ಬಿಲ್ಲು ಕೇಳ್ತಾರೆ. ಆಸೆ ತಪ್ಪಲ್ಲ, ಆದ್ರೆ ಅದರ ಖರ್ಚು ಲಕ್ಷದ ಮಾತು. ಕೈ ಬಿಗಿ ಇರೋ ಮನೆಗಳಿಗೆ ನಾನು ಹೇಳೋದು ಇಂಡಿಯನ್ ರೌಂಡ್ ಅನ್ನೋ ಸ್ಪರ್ಧೆ, ಬಿದಿರಿನ ಬಿಲ್ಲು, ಗುರಿ ನೋಡೋ ಸೈಟ್ ಇಲ್ಲ, ಬಿಲ್ಲು ಅಲುಗಾಡದಂತೆ ಹಿಡಿಯೋ ಸ್ಟೆಬಿಲೈಜರ್ ಇಲ್ಲ, 30 ಮತ್ತೆ 50 ಮೀಟರ್, ಅದರಲ್ಲೂ ನ್ಯಾಷನಲ್ಸ್ ನಡೆಯುತ್ತೆ. ಸಾತಾರಾ ಜಿಲ್ಲೆ ಸರಡೆ ಊರಿನ ಪ್ರವೀಣ್ ಜಾಧವ್ ಅಪ್ಪ ಅಮ್ಮ ಕೂಲಿ ಮಾಡ್ತಿದ್ರು, ಹುಡುಗ ಸರ್ಕಾರದ ಕ್ರೀಡಾ ಪ್ರಬೋಧಿನಿ ಅನ್ನೋ ಕ್ರೀಡಾ ಶಾಲೆಗೆ ಸೇರಿ ಕಲಿತು ಟೋಕಿಯೋ ಒಲಿಂಪಿಕ್ಸಿಗೆ ಹೋದ. ಹಂಗಾಗಿ ಸರ್ಕಾರದ ಸೆಲೆಕ್ಷನ್ ಟ್ರಯಲ್ ಯಾವಾಗ ಅಂತ ವಿಚಾರಿಸ್ತಾ ಇರಿ, ಭಾಷೆ ಬರಲ್ಲ ಅಂತ ನಮ್ಮೋರು ಸುಮಾರು ಜನ ಹಿಂಜರೀತಾರೆ, ದಯವಿಟ್ಟು ಹಿಂಜರೀಬೇಡಿ. ಬಿದಿರಿನ ಬಿಲ್ಲು ಪುಣೆ ಮಳೆಗಾಲಕ್ಕೆ ಹೆದರುತ್ತೆ, ಹೆದೆ ಇಳಿಸಿ ಒಣಗಿದ ಜಾಗದಲ್ಲಿ ಇಡಿ.

ಮನೇಲಿ ಸ್ಟ್ರೆಚ್ ಬ್ಯಾಂಡ್ ಹಿಡಿದು ಕನ್ನಡಿ ಮುಂದೆ ದಿನಾ 15 ನಿಮಿಷ ಎಳೆದ್ರೂ ನಿಲುವು ಕೂರುತ್ತೆ. ಟೆರೇಸ್ ಮೇಲೆ ಬಾಣ ಬಿಡೋದು ಮಾತ್ರ ಖಂಡಿತ ಬೇಡ, ಗುರಿ ತಪ್ಪಿದ ಬಾಣ ಎಲ್ಲಿ ಬೀಳುತ್ತೋ ಹೇಳೋಕಾಗಲ್ಲ.

ಆ ಮಗುವಿನ ಕೈ ಅಳೆದೆ, 55 ಇಂಚು ಬಂತು, ಎಳೆತ 22. ಹೆದೆ ಎಳೆಯೋ ಬೆರಳು ಕಾಯೋಕೆ ಒಂದು ಫಿಂಗರ್ ಟ್ಯಾಬ್, ಬಿಲ್ಲು ಹಿಡಿಯೋ ಕೈಗೆ ಹೆದೆ ಬಡೀದ ಹಾಗೆ ಒಂದು ಆರ್ಮ್ ಗಾರ್ಡ್, 25 ಇಂಚಿನ ಆರು ಬಾಣ ಅಂತ ಚೀಟೀಲಿ ಬರೆದುಕೊಟ್ಟೆ. ಅವರಪ್ಪ ಚೀಟಿ ಎರಡು ಸಲ ಓದಿ, "ಇಷ್ಟ ಸಾಕೇನ್ರಿ?" ಅಂತ ಕೇಳಿ ಶರ್ಟಿನ ಜೇಬಲ್ಲಿ ಮಡಚಿ ಇಟ್ಕೊಂಡ್ರು.