ಬೆಳಕಿಗೆ ಬಾಡದ ಗುರುತು

ಮೈಮೇಲೆ ನೀರ್ಗುಳ್ಳೆಗಳೆದ್ದು ಮಣಿಪಾಲದ ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಬರುವ ರೋಗಿಯ ಚರ್ಮದ ಚೂರೊಂದನ್ನು ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ ಕಳುಹಿಸುವುದುಂಟು. ಫ್ಲೋರೆಸೀನ್ ವರ್ಣಕವನ್ನು ಜೋಡಿಸಿದ ಪ್ರತಿಕಾಯಗಳನ್ನು ಅದರ ಮೇಲೆ ಹಾಕಿ, ನೀಲಿ ಬೆಳಕು ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಪೆಂಫಿಗಸ್ ಕಾಯಿಲೆಯಿದ್ದರೆ ಚರ್ಮಕೋಶಗಳ ಅಂಚುಗಳೆಲ್ಲ ಹಸಿರಾಗಿ ಹೊಳೆದು, ವೈದ್ಯರು ಮೀನುಬಲೆಯ ವಿನ್ಯಾಸವೆಂದೇ ಕರೆಯುವ ಜಾಲ ಕಾಣಿಸುತ್ತದೆ. ಆದರೆ ವರ್ಣಕವನ್ನು ಹೊಳೆಯಿಸುವ ಬೆಳಕೇ ಅದನ್ನು ಕೆಡಿಸುತ್ತದೆ. ಹಸಿರು ಮಂಕಾಗುವುದರೊಳಗೆ ಚಿತ್ರ ತೆಗೆದುಕೊಳ್ಳಬೇಕು.

ರೋಗ ಗುರುತಿಸಲು ಅಷ್ಟು ಹೊತ್ತು ಸಾಕು. ಜೀವಂತ ಕೋಶದಲ್ಲಿ ಒಂದೇ ಒಂದು ಪ್ರೋಟೀನ್ ಅಣುವಿನ ಬೆನ್ನುಹತ್ತುವವರಿಗೆ ಸಾಲದು. ಅವರಿಗೆ ಒದಗಿಬಂದದ್ದು, ಬೆಳಕಿಗೆ ಅಷ್ಟು ಬೇಗ ಬಾಡದ, ಕ್ವಾಂಟಂ ಡಾಟ್‌ಗಳೆಂಬ ಅರೆವಾಹಕ ಹರಳುಗಳು. ಕ್ಯಾಡ್ಮಿಯಂ ಸೆಲೆನೈಡ್‌ನ ಹರಳು ಸುಮಾರು 2 ನ್ಯಾನೋಮೀಟರ್ ಇದ್ದರೆ ನೀಲಿಯತ್ತ, 6 ನ್ಯಾನೋಮೀಟರ್ ಇದ್ದರೆ ಕೆಂಪಾಗಿ ಹೊಳೆಯುತ್ತದೆ. ವಸ್ತು ಒಂದೇ, ಬದಲಾಗುವುದು ಗಾತ್ರ ಮಾತ್ರ: ಕೊಳಲು ಗಿಡ್ಡವಾದಷ್ಟೂ ಸ್ವರ ಏರುವಂತೆ, ಎಲೆಕ್ಟ್ರಾನಿಗೆ ಸಿಗುವ ಜಾಗ ಕಿರಿದಾದಷ್ಟೂ ಹೊಮ್ಮುವ ಬೆಳಕಿನ ಶಕ್ತಿ ಹೆಚ್ಚುತ್ತದೆ. ಒಂದೇ ನೇರಳಾತೀತ ದೀಪದಡಿ ಹಲವು ಬಣ್ಣಗಳು ಒಟ್ಟಿಗೆ ಹೊಳೆಯುವುದರಿಂದ ಹಲವು ಅಣುಗಳನ್ನು ಏಕಕಾಲಕ್ಕೆ ಗುರುತಿಸಬಹುದು.

ಒಂದೇ ಗಾತ್ರದ ಹರಳುಗಳನ್ನು ಬೆಳೆಸುವ ಕ್ರಮವನ್ನು 1993ರಲ್ಲಿ ರೂಪಿಸಿದ ಮೌಂಗಿ ಬವೆಂಡಿ ಅವರಿಗೆ, ಲೂಯಿ ಬ್ರೂಸ್ ಮತ್ತು ಅಲೆಕ್ಸಿ ಎಕಿಮೋವ್ ಅವರೊಂದಿಗೆ 2023ರ ರಸಾಯನವಿಜ್ಞಾನದ ನೊಬೆಲ್ ಸಂದಿತು. ನೀರಿಗೆ ಒಗ್ಗುವ ಹೊದಿಕೆ ತೊಡಿಸಿದ ಹರಳುಗಳಿಂದ ಜೈವಿಕ ಅಣುಗಳನ್ನು ಗುರುತು ಮಾಡಬಹುದೆಂದು ಎರಡು ತಂಡಗಳು 1998ರಲ್ಲೇ ತೋರಿಸಿದ್ದವು. ನನಗೆ ಇವೆಲ್ಲಕ್ಕಿಂತ ಮಿಗಿಲೆನಿಸುವುದು 2003ರಲ್ಲಿ ಮ್ಯಾಕ್ಸಿಮ್ ಡಹಾನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ. ಜೀವಂತ ನರಕೋಶದ ಮೇಲಿನ, ಗ್ಲೈಸೀನ್ ಎಂಬ ಸಂದೇಶವಾಹಕ ಅಣುವನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳಿಗೆ ಡಾಟ್‌ಗಳನ್ನು ಅಂಟಿಸಿ, ಅವು ನರಸಂಧಿಯ (ಎರಡು ನರಕೋಶಗಳು ಸಂಧಿಸುವ ತಾಣ) ಒಳಹೊರಗೆ ಓಡಾಡುವುದನ್ನು ಅವರು ನಿಮಿಷಗಟ್ಟಲೆ ಹಿಂಬಾಲಿಸಿದರು. ಒಂಟಿ ಡಾಟ್ ಆಗಾಗ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ದೋಷವೆನಿಸುವ ಈ ಮಿಣುಕೇ, ಕಾಣುತ್ತಿರುವುದು ಗುಂಪಲ್ಲ, ಒಂದೇ ಕಣ ಎಂಬುದಕ್ಕೆ ಅವರಿಗೆ ಸಾಕ್ಷಿಯಾಯಿತು.

ಹಾಗೆಂದು ಇದು ಎಲ್ಲೆಡೆ ಸಲ್ಲುವ ಗುರುತಲ್ಲ. ಹೊದಿಕೆ, ಪ್ರತಿಕಾಯಗಳೆಲ್ಲ ಸೇರಿದ ಮೇಲೆ ಡಾಟ್ ತಾನು ಗುರುತಿಸುವ ಪ್ರೋಟೀನಿಗಿಂತ ದೊಡ್ಡದಾಗಬಹುದು; ಅಂಥ ಹೊರೆ ಹೊತ್ತ ಅಣುವಿನ ಚಲನೆ ಸಹಜವೇ ಎಂದು ಪ್ರತಿ ಪ್ರಯೋಗದಲ್ಲೂ ಕೇಳಿಕೊಳ್ಳಲೇಬೇಕು. ಹರಳು ಕರಗಿದರೆ ಹೊರಬರುವ ಕ್ಯಾಡ್ಮಿಯಂ ವಿಷಕಾರಿ. ಆದ್ದರಿಂದ ಇಂಡಿಯಂ ಫಾಸ್ಫೈಡ್ ಡಾಟ್‌ಗಳತ್ತಲೂ, 2004ರಲ್ಲಿ ಮೊದಲು ವರದಿಯಾದ, ನಮ್ಮ ಕರಾವಳಿಯ ತೆಂಗಿನ ಚಿಪ್ಪಿನಂಥ ವಸ್ತುಗಳಿಂದಲೂ ಮಾಡಬಹುದಾದ ಇಂಗಾಲದ ಡಾಟ್‌ಗಳತ್ತಲೂ ಸಂಶೋಧಕರು ಹೊರಳಿದ್ದಾರೆ. ಇಂಗಾಲದವು ಅಗ್ಗ, ವಿಷವೂ ಕಡಿಮೆ. ಆದರೆ ಅವು ಹೊಮ್ಮಿಸುವ ಬಣ್ಣದ ಪಟ್ಟಿ ಅಗಲವಾಗಿರುವುದರಿಂದ, ಹಲವು ಅಣುಗಳನ್ನು ಒಟ್ಟಿಗೆ ಬೇರ್ಪಡಿಸಿ ನೋಡುವ ಕೆಲಸದಲ್ಲಿ ಕ್ಯಾಡ್ಮಿಯಂ ಹರಳುಗಳ ಜಾಗವನ್ನು ಸುಲಭವಾಗಿ ತುಂಬಲಾರವು.