ಸಾಕ್ಷಿ ಅಂದರೆ ಸ್ಕ್ರೀನ್‌ಶಾಟ್ ಅಲ್ಲ

ನಮ್ಮ ದೊಡ್ಡಮ್ಮ ಹರಿಹರದವರು. ದಿನಾ ಬೆಳಿಗ್ಗೆ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ದೇವರ ಪಟ ಹಾಕುತ್ತಾರೆ. ಮೊನ್ನೆ ಪಟದ ಜೊತೆ "ಮೇಲಿರೋನು ಎಲ್ಲಾ ನೋಡ್ತಿರ್ತಾನೆ" ಅಂತಿತ್ತು. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ ಕೆಳಗೆ ಬರೆದ: "ನೋಡ್ತಾನೆ ಅನ್ನೋಕೆ ಸಾಕ್ಷಿ ತೋರಿಸಿ ಅಜ್ಜಿ."

ಅವನ ದೇವರು, ಅವನ ಅನುಮಾನ ಅವನಿಗಿರಲಿ. ಅದರ ತಂಟೆ ನನಗೆ ಬೇಡ. ಆದರೆ ಅವನಿಗೆ ಬೇಕಿದ್ದದ್ದು ಪುರಾವೆ, ಕೇಳಿದ್ದು ಸಾಕ್ಷಿ. ನೋಡುವವನನ್ನೇ ಸಾಕ್ಷಿ ಅನ್ನುವುದು. ನೋಡುವವನಿದ್ದಾನೆ ಅನ್ನೋಕೆ ನೋಡುವವನನ್ನು ಕರೆತನ್ನಿ ಅಂದಂತಾಯಿತು! ಅವತ್ತೇ ಪೇಪರಿನಲ್ಲಿ "ಬೃಹತ್ ಸಮಾವೇಶಕ್ಕೆ ಸಾಕ್ಷಿಯಾದ ಹೈಸ್ಕೂಲ್ ಮೈದಾನ" ಅಂತ ತಲೆಬರಹ. ಈ ಊರಲ್ಲಿ ಏನೇ ನಡೆಯಲಿ, ಆ ಮೈದಾನ ಸಾಕ್ಷಿಯಾಗುತ್ತದೆ. ಮೈದಾನದಲ್ಲಿ ಸಮಾವೇಶ ನಡೆಯಿತು ಅಂದರೆ ಸಾಕಲ್ವಾ?

ಪದದೊಳಗೇ ಕಣ್ಣಿದೆ, ನೋಡಿ. ಅಕ್ಷ, ಅಕ್ಷಿ ಅಂದರೆ ಕಣ್ಣು. 'ಸ' ಅಂದರೆ ಜೊತೆಗೆ. ಸಾಕ್ಷಾತ್ ಅಂದರೆ ಕಣ್ಣೆದುರಿಗೇ. ಆ ಸಾಕ್ಷಾತ್‌ನಿಂದಲೇ ಸಾಕ್ಷಿ ಬಂತು ಅಂತ ಪಾಣಿನಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ: "ಸಾಕ್ಷಾದ್ ದ್ರಷ್ಟರಿ ಸಂಜ್ಞಾಯಾಮ್." ನೇರವಾಗಿ ನೋಡಿದವನಿಗೆ ಸಾಕ್ಷಿ ಎಂಬ ಹೆಸರು. ನೋಡಿದವರ ಬಾಯಿಂದ ಕೇಳಿಸಿಕೊಂಡವನಿಗಲ್ಲ. 1872ರ ಸಾಕ್ಷ್ಯ ಕಾಯ್ದೆಯ 60ನೇ ಕಲಂ ಹೇಳುತ್ತಿದ್ದದ್ದೂ ಇದನ್ನೇ. ಕಣ್ಣಿಗೆ ಕಾಣುವ ಸಂಗತಿಯಾದರೆ, ಕಂಡವನೇ ಬಂದು ಹೇಳಬೇಕು. ಅವನು ಸಾಕ್ಷಿ, ಅವನು ಹೇಳಿದ್ದು ಸಾಕ್ಷ್ಯ. ರಶೀದಿ, ಫೋಟೊ, ಸ್ಕ್ರೀನ್‌ಶಾಟ್ ಎಲ್ಲಾ ಪುರಾವೆ. ಪುರಾವೆ ಮರಾಠಿ ಕಡೆಯಿಂದ ಬಂದದ್ದು, ಒಳ್ಳೇ ಗಟ್ಟಿ ಪದ. ಅದನ್ನು ಬಳಸೋಕೆ ಯಾಕೆ ಜಿಪುಣತನವೋ ಗೊತ್ತಿಲ್ಲ.

ಎರಡಕ್ಕೂ ಎಷ್ಟು ದೂರ ಅಂತ ಗೊತ್ತಾಗಬೇಕಾದರೆ ಶಕುಂತಲೆಯ ಕಥೆ ನೋಡಬೇಕು. ಉಂಗುರ ಬರುವುದು ಕಾಳಿದಾಸನ ನಾಟಕದಲ್ಲಿ. ಉಂಗುರ ಪುರಾವೆ, ಅದಕ್ಕೇ ಮೀನಿನ ಹೊಟ್ಟೆ ಸೇರಿತು. ಮಹಾಭಾರತದ ಶಕುಂತಲೆಗೆ ಉಂಗುರವೇ ಇಲ್ಲ. ಕಾಡಿನಲ್ಲಿ ಮದುವೆ, ಕಂಡವರಿಲ್ಲ. ಮಗನನ್ನು ಕರೆದುಕೊಂಡು ಬಂದರೆ ದುಷ್ಯಂತ ತುಂಬಿದ ಸಭೆಯಲ್ಲಿ ನೀನು ಯಾರೋ ಗೊತ್ತಿಲ್ಲ ಅನ್ನುತ್ತಾನೆ. ಆಗ ಅವಳು ಸಾಕ್ಷಿಗಳ ಪಟ್ಟಿಯನ್ನೇ ಕೊಡುತ್ತಾಳೆ. ಸೂರ್ಯ, ಚಂದ್ರ, ಗಾಳಿ, ಬೆಂಕಿ, ಆಕಾಶ, ಭೂಮಿ, ನೀರು, ಎದೆ, ಯಮ, ಹಗಲು, ರಾತ್ರಿ, ಎರಡು ಸಂಧ್ಯೆ, ಧರ್ಮ. ಒಟ್ಟು 14. ಒಬ್ಬನೇ ಇದ್ದೆ ಅಂದುಕೊಂಡಿದ್ದೀಯ, ನಿನ್ನ ಎದೆಯಲ್ಲಿ ಮಲಗಿರುವ ಹಳೇ ಮುನಿ ನಿನಗೆ ಗೊತ್ತಿಲ್ಲ ಅನ್ನುತ್ತಾಳೆ. ಅವಳಿಗೆ ಧೈರ್ಯ ಕೊಟ್ಟದ್ದೂ ಆ ಮುನಿ, ಅವನಿಗೆ ಹೆದರಿಕೆ ಹುಟ್ಟಿಸಬೇಕಾದದ್ದೂ ಆ ಮುನಿಯೇ. ನಾವು ಮನಸ್ಸಾಕ್ಷಿ ಅನ್ನುವುದು ಅವನನ್ನೇ.

ಈ 14 ಸಾಕ್ಷಿಗಳ ಪದ್ಯ ವಿಜಯನಗರ ಕಾಲದ ದಾನಶಾಸನಗಳಿಗೂ ಬಂತು. ಜಮೀನು ಕೊಟ್ಟ ರಾಜ ಸಾಯುತ್ತಾನೆ, ಸಹಿ ಹಾಕಿದವರು ಸಾಯುತ್ತಾರೆ. ಸಾಯದ ಸಾಕ್ಷಿಗಳು ಬೇಕಲ್ಲ. ಪಟ್ಟಿಯಲ್ಲಿ ಭೂಮಿ ಇದೆ, ಮೈದಾನವೂ ಭೂಮಿಯೇ ತಾನೆ ಅಂತ ನೀವು ಕೇಳಬಹುದು. ಅಲ್ಲಿ ಭೂಮಿಯನ್ನು ಎಲ್ಲಾ ಬಲ್ಲ ತಾಯಿ ಅಂತ ನಂಬಿ ಕರೆದಿದ್ದಾರೆ. ತಲೆಬರಹ ಬರೆದವರಿಗೆ ಅಷ್ಟು ಭಕ್ತಿ ಇದ್ದರೆ ನನ್ನ ತಕರಾರು ವಾಪಸ್.

ದೇವರನ್ನು ಸಾಕ್ಷಿ ಅಂದದ್ದು ಇನ್ನೂ ಹಳೇದು. ಶ್ವೇತಾಶ್ವತರ ಉಪನಿಷತ್ತಿನಲ್ಲಿದೆ, ಗೀತೆಯ ಒಂಬತ್ತನೇ ಅಧ್ಯಾಯದಲ್ಲಿದೆ. ಅರಬ್ಬಿಯಲ್ಲಿ ಅಲ್ಲಾಹನ ಹೆಸರುಗಳಲ್ಲಿ ಒಂದಾದ ಶಹೀದ್‌ಗೂ ಸಾಕ್ಷಿ ಅಂತಲೇ ಅರ್ಥ. ಕನಕದಾಸರ ಬಾಳೆಹಣ್ಣಿನ ಕಥೆ ಎಲ್ಲರಿಗೂ ಗೊತ್ತು, ಬಿಡಿ.

ಇಷ್ಟೆಲ್ಲ ಇದ್ದೂ "ದೇವರೇ ಸಾಕ್ಷಿ" ನಮ್ಮಲ್ಲಿ ಬಾಯಿ ಮುಚ್ಚಿಸುವ ಮಾತಾಗಿದೆ. ಹಳೇ ಬೈಕ್ ಮಾರುವವನು ಇಂಜಿನ್ ಬಿಚ್ಚೇ ಇಲ್ಲ, ದೇವರೇ ಸಾಕ್ಷಿ ಅನ್ನುತ್ತಾನೆ. ಇನ್ನು ಕೇಳಬೇಡಿ ಅಂತ ಅದರ ಅರ್ಥ. ಸಾಕ್ಷಿ ಯಾರ ಕಡೆಯವನೂ ಅಲ್ಲ. ನಾವು ಕರೆದೆವು ಅಂತ ನಮಗೆ ಬೇಕಾದ್ದನ್ನು ಮಾತ್ರ ನೋಡಿರುವುದಿಲ್ಲ. ಇಂಜಿನ್ ಬಿಚ್ಚಿದ್ದನ್ನೂ ನೋಡಿರುತ್ತಾನೆ.

ನನಗೆ ಇದು ತಿಳಿದದ್ದು ಶಾಸ್ತ್ರದಿಂದಲ್ಲ, ದೊಡ್ಡಮ್ಮನಿಂದ. ಕೆಲವು ವರ್ಷದ ಹಿಂದೆ ಪಕ್ಕದ ಮನೆಯಾಕೆ ಮಗಳ ಕಾಲೇಜು ಫೀಸಿಗೆ ಅಂತ ಇಪ್ಪತ್ತು ಸಾವಿರ ಕೈಗಡ ಕೇಳಿದಳು. ಚೀಟಿಯಿಲ್ಲ, ಪತ್ರವಿಲ್ಲ. ಅಡುಗೆಮನೆಯ ದೇವರ ಜಗಲಿ ಮುಂದೆ ಕೂತು ಇಬ್ಬರೂ ನೋಟು ಎಣಿಸಿದರು. ವರ್ಷ ಕಳೆದ ಮೇಲೆ ಕೇಳಿದರೆ "ಕೊಟ್ಟಿದ್ದಕ್ಕೆ ಏನು ಗುರುತು?" ಅಂದಳಂತೆ. ನಾವೆಲ್ಲ ಕೂಗಾಡಿದೆವು. ದೊಡ್ಡಮ್ಮ ಮಾತ್ರ ಅವಲಕ್ಕಿ ಕೇರುತ್ತಾ ಕೂತಿದ್ದರು. "ಅವಳು ಎಣಿಸ್ಕೊಳ್ಳೋವಾಗ ಅವನೂ ಎಣಿಸ್ಕೊಂಡಿದಾನೆ, ಬಿಡ್ರೋ" ಅಂದರು. ರಾತ್ರಿ ನಮಗೆ ನಿದ್ದೆ ಬರಲಿಲ್ಲ, ಅವರಿಗೆ ಬಂತು.

ಬೆಳಿಗ್ಗೆ ನಾನು ಹಠ ಹಿಡಿದೆ. ಓಣಿಯ ಹಿರಿಯರ ಮುಂದೆ ಕೂರಿಸಿ ಇಪ್ಪತ್ತು ಸಾವಿರ ವಸೂಲು ಮಾಡೋಣ ಅಂದೆ. ದೊಡ್ಡಮ್ಮ ಮೊರ ಕೆಳಗಿಟ್ಟರು.

"ಇಪ್ಪತ್ತು ಅಲ್ಲ ಕಣೋ, ಹತ್ತೊಂಬತ್ತೂವರೆ. ಒಂದು ಐನೂರರ ನೋಟು ಹರಿದಿತ್ತು. ಬದಲು ಕೊಡ್ತೀನಿ ಅಂತ ನಾನೇ ವಾಪಸ್ ಇಟ್ಕೊಂಡೋಳು ಕೊಡ್ಲೇ ಇಲ್ಲ. ಅದನ್ನೂ ಅವನು ನೋಡಿದಾನೆ."