ಎರಡನೇ ಕಂಟ್ರೋಲ್-ಸಿಗೆ ಪ್ರೋಗ್ರಾಮ್ ಸಾಯುವುದೇಕೆ?

ಪ್ರಶ್ನೆ: ನನ್ನ ಸಿ ಪ್ರೋಗ್ರಾಮ್‌ನಲ್ಲಿ ಸಿಗ್ನಲ್ ಫಂಕ್ಷನ್ ಬಳಸಿ ಕಂಟ್ರೋಲ್-ಸಿ ಹಿಡಿಯುತ್ತಿದ್ದೇನೆ. ಮೊದಲ ಸಲ ಒತ್ತಿದರೆ ಹ್ಯಾಂಡ್ಲರ್ (ಕಂಟ್ರೋಲ್-ಸಿಯ ಸಿಗ್ನಲ್ ಬಂದಾಗ ಓಡಲೆಂದು ನಾನು ಬರೆದ ಫಂಕ್ಷನ್) ಓಡುತ್ತದೆ, ಎರಡನೇ ಸಲಕ್ಕೆ ಪ್ರೋಗ್ರಾಮೇ ಸಾಯುತ್ತದೆ. ಅದೇ ಕೋಡ್ ಗೆಳೆಯನ ಲಿನಕ್ಸ್‌ನಲ್ಲಿ ಎಷ್ಟು ಸಲ ಒತ್ತಿದರೂ ಸಾಯುವುದಿಲ್ಲ. ಯಾರದು ತಪ್ಪು?

ಉತ್ತರ: ಇಬ್ಬರದೂ ಅಲ್ಲ. ಒಮ್ಮೆ ಓಡಿದ ಹ್ಯಾಂಡ್ಲರ್ ಹಾಗೇ ಉಳಿಯಬೇಕೋ ಬೇಡವೋ ಎಂಬುದನ್ನು ಸಿ ಸ್ಟ್ಯಾಂಡರ್ಡ್ ಆಯಾ ಸಿಸ್ಟಮ್‌ಗೆ ಬಿಟ್ಟಿದೆ. ಸಿಸ್ಟಮ್ ಫೈವ್ ಯುನಿಕ್ಸ್ ಸಿಗ್ನಲ್ ಬಂದ ಕೂಡಲೇ ಹ್ಯಾಂಡ್ಲರನ್ನು ಕಳಚಿಹಾಕುತ್ತಿತ್ತು, ಯುನಿಕ್ಸ್‌ನ ಇನ್ನೊಂದು ಕವಲಾದ ಬಿಎಸ್‌ಡಿ ಉಳಿಸಿಕೊಂಡಿತು. ವಿಂಡೋಸ್ ಈಗಲೂ ಕಳಚುತ್ತದೆ. ಲಿನಕ್ಸ್‌ನದು ಇನ್ನೂ ತಮಾಷೆ: ಜಿಸಿಸಿ ಕಂಪೈಲರ್‌ಗೆ ಸಿ ಭಾಷೆಯ ಆವೃತ್ತಿ ಜಿಎನ್‌ಯು11 ಎಂದು ಹೇಳಿದರೆ ಅಲ್ಲಿನ ಸಿ ಲೈಬ್ರರಿ ಜಿಲಿಬ್‌ಸಿ ಬಿಎಸ್‌ಡಿ ದಾರಿ ಹಿಡಿಯುತ್ತದೆ, ಕಟ್ಟುನಿಟ್ಟಿನ ಸಿ11 ಎಂದರೆ ಸಿಸ್ಟಮ್ ಫೈವ್ ದಾರಿ. ಯಂತ್ರ ಅದೇ, ಕೋಡ್ ಅದೇ, ನಡತೆ ಮಾತ್ರ ಬೇರೆ!

ಹಾಗಾಗಿ ಹ್ಯಾಂಡ್ಲರ್‌ನ ಮೊದಲ ಸಾಲಲ್ಲೇ ನಿಮಗೇನು ಬೇಕೆಂದು ನೀವೇ ಹೇಳಿಬಿಡಿ. ಅಲ್ಲಿ ಸಿಗ್ನಲ್ ಫಂಕ್ಷನ್ ಕರೆದು ಹ್ಯಾಂಡ್ಲರನ್ನು ಮತ್ತೆ ಕೂರಿಸುವುದು ಬಹಳ ಜನರ ರೂಢಿ. ಆದರೆ ಕಳಚಿದ್ದಕ್ಕೂ ಕೂರಿಸಿದ್ದಕ್ಕೂ ನಡುವಿನ ಚೂರು ಸಮಯದಲ್ಲಿ ಇನ್ನೊಂದು ಕಂಟ್ರೋಲ್-ಸಿ ಬಂದರೆ ಪ್ರೋಗ್ರಾಮ್ ಹೋಯಿತು. ಶುದ್ಧ ಸಿಯಲ್ಲಿ ಇದಕ್ಕೆ ಮದ್ದಿಲ್ಲ. ನನಗೆ ಹಿಡಿಸುವುದು ಇದರ ತಿರುವುಮುರುವು: ಅಲ್ಲಿ ಬೇಕೆಂದೇ ಸಿಗ್_ಡಿಎಫ್‌ಎಲ್ (ಸಿಗ್ನಲ್‌ನ ಮೂಲ ನಡತೆ, ಇಲ್ಲಿ ಪ್ರೋಗ್ರಾಮ್ ಸಾಯುವುದು) ಹಾಕಿ. ಮೊದಲ ಒತ್ತಿಗೆ ಪ್ರೋಗ್ರಾಮ್ ಕೆಲಸ ಮುಗಿಸಿ ಹೊರಡಲಿ, ಎರಡನೆಯದಕ್ಕೆ ಎಲ್ಲೆಡೆ ಸಾಯಲಿ. ಎರಡನೆಯದು ಏಕೆ ಬೇಕೆಂದರೆ, ಬಿಎಸ್‌ಡಿ ರೀತಿಯಲ್ಲಿ ಸಾಲು ಓದುವ ಎಫ್‌ಗೆಟ್ಸ್ ಇನ್‌ಪುಟ್‌ಗೆ ಕಾಯುತ್ತಿದ್ದರೆ, ಹ್ಯಾಂಡ್ಲರ್ ಮುಗಿದ ಮೇಲೂ ಅದು ಕಾಯುತ್ತಲೇ ಇರುತ್ತದೆ. ಎಂಟರ್ ಒತ್ತುವ ತನಕ ಹೊರಡಬೇಕೆಂದು ಹ್ಯಾಂಡ್ಲರ್ ಗುರುತು ಹಾಕಿಟ್ಟ ವೇರಿಯಬಲ್ಲನ್ನು, ಅಂದರೆ ನಿಮ್ಮ ಫ್ಲ್ಯಾಗನ್ನು, ಯಾರೂ ನೋಡುವುದಿಲ್ಲ. ಆಗ ಬಳಕೆದಾರನಿಗೆ ಎರಡನೇ ಒತ್ತೇ ಗತಿ.

ಉಳಿದಂತೆ ಹ್ಯಾಂಡ್ಲರ್ ಒಳಗೆ ಒಂದೇ ಕೆಲಸ: ವೊಲಟೈಲ್ ಸಿಗ್_ಅಟಾಮಿಕ್_ಟಿ (ನಡುವೆ ಸಿಗ್ನಲ್ ಬಂದರೂ ಅರ್ಧಂಬರ್ಧ ಬದಲಾಗದ ಪೂರ್ಣಾಂಕ) ಬಗೆಯ ಗ್ಲೋಬಲ್ ಫ್ಲ್ಯಾಗ್‌ಗೆ 1 ಹಾಕುವುದು. ಮುಖ್ಯ ಲೂಪ್ ಅದನ್ನು ನೋಡಿ ಫೈಲ್ ಮುಚ್ಚಿ ಹೊರಡಲಿ. ಆ ವೇರಿಯಬಲ್‌ನಲ್ಲಿ ಒತ್ತುಗಳನ್ನು ಎಣಿಸಲು ಹೋಗಬೇಡಿ. 127ರ ಆಚೆಗೆ ಸ್ಟ್ಯಾಂಡರ್ಡ್‌ನ ಭರವಸೆ ಇಲ್ಲ. ಪ್ರಿಂಟ್‌ಎಫ್, ಮೆಮೊರಿ ಕೇಳುವ ಮ್ಯಾಲಕ್, ಎಕ್ಸಿಟ್ ಯಾವುದೂ ಬೇಡ. ಸಿಗ್ನಲ್ ಬಂದ ಗಳಿಗೆಯಲ್ಲಿ ಮುಖ್ಯ ಪ್ರೋಗ್ರಾಮ್ ಮ್ಯಾಲಕ್‌ನ ನಡುವೆಯೇ ಇರಬಹುದು, ಅದರ ಮೆಮೊರಿ ಪಟ್ಟಿ ಅರ್ಧ ಬದಲಾಗಿರಬಹುದು. ಹ್ಯಾಂಡ್ಲರ್ ಅದಕ್ಕೇ ಕೈ ಹಾಕಿದರೆ ಪಟ್ಟಿ ಕೆಡುತ್ತದೆ, ಇಲ್ಲವೇ ಪ್ರೋಗ್ರಾಮ್ ಲಾಕ್‌ಗೆ ಕಾಯುತ್ತಾ ಅಲ್ಲೇ ಹೆಪ್ಪುಗಟ್ಟುತ್ತದೆ. ವಿಂಡೋಸ್‌ನಲ್ಲಂತೂ ಹ್ಯಾಂಡ್ಲರ್ ಬೇರೊಂದು ಥ್ರೆಡ್‌ನಲ್ಲೇ ಓಡುತ್ತದೆ.

ವಿಂಡೋಸ್‌ನ ಗೊಡವೆಯೇ ಇಲ್ಲದಿದ್ದರೆ ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್ ಆದ ಪೋಸಿಕ್ಸ್‌ನ ಸಿಗ್‌ಆ್ಯಕ್ಷನ್ ಫಂಕ್ಷನ್ ಬಳಸಿ. ಹ್ಯಾಂಡ್ಲರ್ ಉಳಿಯಬೇಕೇ, ನಿಂತ ರೀಡ್ ಮತ್ತೆ ಶುರುವಾಗಬೇಕೇ ಎಂಬುದನ್ನು ಅಲ್ಲಿ ನೀವೇ ಆರಿಸಬಹುದು.